ಸಹಾಯ ಬೇಕು: ದಾನಿ ಹಸುವಿನ ರಕ್ತ ಬಾಟಲಿಯಲ್ಲೇ ಹೆಪ್ಪುಗಟ್ಟುತ್ತಿದೆ

ಥೈಲೀರಿಯಾ (ಉಣ್ಣೆಯಿಂದ ಹರಡುವ ರಕ್ತದ ಪರಾವಲಂಬಿ ರೋಗ) ಬಂದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸು, ಸುಮಾರು 350 ಕೆಜಿ, ಇದಕ್ಕೆ ರಕ್ತ ಕೊಡಬೇಕಿದೆ. ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಪಾಲು) ಶೇ. 11ಕ್ಕೆ ಇಳಿದಿದೆ (24ರ ಮೇಲಿರಬೇಕು), ಒಳರೆಪ್ಪೆ ಪೂರಾ ಬಿಳಿಚಿದೆ. ಥೈಲೀರಿಯಾ ಔಷಧಿ ಬುಪಾರ್ವಕೋನ್ ಕೊಟ್ಟಾಗಿದೆ.

ದಾನಿಯ ಕತ್ತಿನ ಜುಗುಲರ್ ಅಭಿಧಮನಿಗೆ 14 ಗೇಜ್ ಸೂಜಿ ಹಾಕಿ, ಶೇ. 3.8ರ ಸೋಡಿಯಂ ಸಿಟ್ರೇಟ್ (ಹೆಪ್ಪು ತಡೆಯುವ ದ್ರಾವಣ) 1 ಪಾಲಿಗೆ 9 ಪಾಲು ರಕ್ತ ಹಿಡಿಯುತ್ತಿದ್ದೇವೆ. ಬಾಟಲಿ ಅಲ್ಲಾಡಿಸುತ್ತಲೇ ಇದ್ದರೂ ಅರ್ಧ ತುಂಬುವಷ್ಟರಲ್ಲಿ ಧಾರೆ ಸಣ್ಣಗಾಗಿ ಎಳೆ ಎಳೆಯಾಗಿ ಹೆಪ್ಪು ಬೀಳುತ್ತದೆ. ಸಿಟ್ರೇಟ್ ಕ್ಯಾಲ್ಸಿಯಂ ಹಿಡಿದಿಡುವ ಮುಂಚೆ, ನಳಿಕೆಯೊಳಗೇ ಶುರುವಾಗುತ್ತಿದೆಯೆಂಬ ಅನುಮಾನ. ಸೂಜಿ, ನಳಿಕೆಗಳನ್ನು ಮೊದಲೇ ಸಿಟ್ರೇಟ್‌ನಲ್ಲಿ ತೊಯ್ಯಿಸಿದರೆ ಸಾಕೇ, ಇನ್ನೂ ದಪ್ಪನೆಯ 12 ಗೇಜ್ ಸೂಜಿಗೆ ಹೋಗಬೇಕೇ? ಅಭಿಧಮನಿ ಉಬ್ಬಲೆಂದು ದಾನಿಯ ಕತ್ತಿಗೆ ಹಗ್ಗ ಬಿಗಿದೇ ಇದೆ.

ಹಸುಗಳಿಗೆ ಮೊದಲ ಸಲ ರಕ್ತ ಕೊಡುವಾಗ ಕ್ರಾಸ್‌ಮ್ಯಾಚ್ (ಎರಡೂ ರಕ್ತ ಹೊಂದುತ್ತವೆಯೇ ಎಂಬ ಪರೀಕ್ಷೆ) ಇಲ್ಲದೆ ಸಾಮಾನ್ಯವಾಗಿ ನಡೆಯುತ್ತದೆ, ಆ ಚರ್ಚೆ ಬೇಡ. ಹೆಪ್ಪಿನದ್ದಷ್ಟೇ ಹೇಳಿ, ಇವತ್ತೇ ಕೊಡಬೇಕು.