ಹಳ್ಳದಂಚಿನ ಗದ್ದೆಯನ್ನು ಅಡಿಕೆ ತೋಟ ಮಾಡುವುದು ಈಗಿನ ಮಳೆಗೆ ಹೊಂದುತ್ತದೆಯೇ?

ಪ್ರಶ್ನೆ: ಶಿರಸಿಯ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಶಿರಸಿ ತಾಲ್ಲೂಕಿನಲ್ಲಿ ಘಟ್ಟದ ಅಂಚಿಗೆ ನಮ್ಮ ಹಳೆಯ ಅಡಿಕೆ ತೋಟವಿದೆ. ಅದರ ಕೆಳಗೆ, ಹಳ್ಳದ ಪಕ್ಕದಲ್ಲಿ ಎರಡು ಎಕರೆ ಭತ್ತದ ಗದ್ದೆಯಿದೆ. ಸುತ್ತಲಿನ ಗದ್ದೆಗಳು ಒಂದೊಂದಾಗಿ ತೋಟವಾಗಿವೆ. ನಾಟಿಗೆ ಆಳು ಸಿಗುವುದಿಲ್ಲ, ತೆನೆ ಕಟ್ಟುವ ಹೊತ್ತಿಗೆ ಕಾಡುಹಂದಿಯ ಕಾಟ ಶುರುವಾಗುತ್ತದೆ. ಆದ್ದರಿಂದ ನಾವೂ ಅಡಿಕೆ ಸಸಿ ಹಾಕೋಣ ಎಂದು ಮನೆಯಲ್ಲಿ ಮಾತಾಗಿದೆ.

ನನ್ನನ್ನು ಹಿಂದೆಗೆಯುವಂತೆ ಮಾಡುತ್ತಿರುವುದು ಮಳೆ. 2023ರಲ್ಲಿ ಮುಂಗಾರು ತಡವಾಗಿ ಬಂದು ಆಗಸ್ಟ್ ತಿಂಗಳಿಡೀ ಒಣಗಿತು. 2025ರಲ್ಲಿ ಮೇ ಕೊನೆಯ ವಾರದಲ್ಲೇ ಜಡಿಮಳೆ ಹಿಡಿದು, ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಮೊದಲ ಔಷಧಿ ಹೊಡೆಯುವುದಕ್ಕೂ ಬಿಡುವು ಸಿಗಲಿಲ್ಲ. ಇದರ ಮೇಲೆ ಎಲೆಚುಕ್ಕೆ ರೋಗವೂ ಬಂದು ಸೇರಿದೆ. ಇರುವ ತೋಟವನ್ನೇ ಕಾಯುವುದು ಕಷ್ಟವಾಗಿರುವಾಗ ಇನ್ನೂ ಎರಡು ಎಕರೆಯನ್ನು ಅದೇ ಬೆಳೆಗೆ ಒಪ್ಪಿಸುವುದು ಸರಿಯೇ? ಗದ್ದೆಯನ್ನು ಉಳಿಸಿಕೊಳ್ಳುವುದಾದರೆ ಯಾವ ತಳಿ ಹಾಕಬೇಕು, ತೋಟದಲ್ಲಿ ಯಾವ ಉಪಬೆಳೆಯನ್ನು ನಂಬಬಹುದು ಎಂಬುದನ್ನು ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಸಿದ್ದಾಪುರದಿಂದ

ನಿಮ್ಮ ಹಿಂಜರಿಕೆ ಸಕಾರಣವಾಗಿದೆ. ಭತ್ತದ ತಳಿಯನ್ನು ಮುಂದಿನ ವರ್ಷವೇ ಬದಲಿಸಬಹುದು. ಅಡಿಕೆಯ ಲೆಕ್ಕವೇ ಬೇರೆ. ಇವತ್ತು ನೆಟ್ಟ ಸಸಿ ಸರಿಯಾಗಿ ಫಸಲು ಕೊಡುವುದಕ್ಕೆ ಆರೇಳು ವರ್ಷ ಬೇಕು, ಆಮೇಲೆ ಮೂವತ್ತು ನಲವತ್ತು ವರ್ಷ ಅದೇ ನೆಲದಲ್ಲಿ ನಿಲ್ಲುತ್ತದೆ. ಎಂದರೆ, ಈಗಿನ ದರವನ್ನು ನೋಡಿ ನೆಡುವ ಮರವು ನಾವು ಯಾರೂ ಕಾಣದ ಮಳೆಗಾಲಗಳನ್ನು ಎದುರಿಸಬೇಕಾಗುತ್ತದೆ.

ಹಳ್ಳದಂಚಿನ ಗದ್ದೆಯಲ್ಲಿ ಮೊದಲ ತೊಡಕು ನೀರು ನಿಲ್ಲುವುದು. ಅಡಿಕೆಯ ಬೇರು ನಿಂತ ನೀರನ್ನು ಸಹಿಸುವುದಿಲ್ಲವಾದ್ದರಿಂದ ಆಳವಾದ ಕಾದಿಗೆ, ಅಂದರೆ ಬಸಿಗಾಲುವೆ, ತೆಗೆಯಲೇಬೇಕು, ಪ್ರತಿ ಮಳೆಗಾಲಕ್ಕೆ ಮುಂಚೆ ಅದರ ಹೂಳನ್ನೂ ಎತ್ತಬೇಕು. ಹಾಗೆ ಬಸಿದುಹೋದ ನೀರು ನೆಲಕ್ಕೆ ಇಂಗದೆ ನೇರ ಹಳ್ಳ ಸೇರುತ್ತದೆ. ಮಳೆಗಾಲವಿಡೀ ನೀರು ಹಿಡಿದಿಟ್ಟುಕೊಳ್ಳುವ ಗದ್ದೆಯನ್ನು ಕಳೆದುಕೊಂಡ ಕಣಿವೆಯಲ್ಲಿ, ಮಾರ್ಚ್ ಏಪ್ರಿಲ್‌ನಲ್ಲಿ ಹೊಸ ತೋಟಕ್ಕೆ ನೀರು ಬೇಕಾದಾಗ ಬಾವಿಯ ಮಟ್ಟ ಎಲ್ಲಿರುತ್ತದೆ ಎಂಬುದನ್ನು ದಯವಿಟ್ಟು ಯೋಚಿಸಿ. ಇದನ್ನು ನಮ್ಮ ಸೀಮೆಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದೇ ನನ್ನ ಬೇಸರ.

ಇರುವ ತೋಟದ ಕೊಳೆಯ ವಿಷಯಕ್ಕೆ ಬರೋಣ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ, ಅಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ ಮತ್ತು ಒಂದು ಕಿಲೋ ಸುಣ್ಣಕ್ಕೆ, ಇವತ್ತಿಗೂ ಮೊದಲ ಮಣೆ. ಮುಂಗಾರಿಗೆ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನಗಳ ನಂತರ ಮತ್ತೊಂದು ಸಲ ಹೊಡೆಯುವುದು ವಾಡಿಕೆ. ಬದಲಾಗಬೇಕಾದದ್ದು ನಮ್ಮ ಕ್ಯಾಲೆಂಡರು. ಜೂನ್ ಮೊದಲ ವಾರಕ್ಕೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರನ್ನು ಗೊತ್ತುಮಾಡಿ ಕಾಯುವ ಬದಲು, ಮೇ ತಿಂಗಳ ಮಧ್ಯದಲ್ಲೇ ಮೈಲುತುತ್ತ, ಸುಣ್ಣ, ಪಂಪು ಎಲ್ಲವನ್ನೂ ಸಿದ್ಧವಿಟ್ಟುಕೊಂಡು ಮುನ್ಸೂಚನೆಯನ್ನು ನೋಡುತ್ತಿರಬೇಕು. ಕಾಯಿಯ ತೊಟ್ಟಿನ ಹತ್ತಿರ ನೀರು ಕುಡಿದಂತಹ ಕಡುಹಸಿರು ಮಚ್ಚೆ ಮೂಡಿ, ಹೊಳಪು ಹೋಗಿ, ಉದುರಿದ ಕಾಯಿಯ ಮೇಲೆ ಬಿಳಿ ಬೂಷ್ಟು ಕಾಣಿಸಿದ ಮೇಲೆ ಹೊಡೆದರೆ ಉಳಿದ ಗೊನೆಗಳನ್ನಷ್ಟೇ ಕಾಪಾಡಿಕೊಳ್ಳಬಹುದು. ಔಷಧಿಗೆ ಬಿಡುವು ಸಿಗದ ವರ್ಷಕ್ಕೆಂದು ನಮ್ಮ ಹಿರಿಯರು ಗೊನೆಗೆ ಮಳೆ ತಾಗದಂತೆ ಕಟ್ಟುತ್ತಿದ್ದ ಕರಡದ (ಒಣಹುಲ್ಲಿನ) ಕೊಟ್ಟೆಯ ಜಾಗಕ್ಕೆ ಈಗ ಪ್ಲಾಸ್ಟಿಕ್ ಕೊಟ್ಟೆ ಬಂದಿದೆ. ಖರ್ಚು ಹೆಚ್ಚಾದರೂ, ತೀರಾ ತಂಪಿನ ಮೂಲೆಗಳ ಮರಗಳಿಗಾದರೂ ಅದನ್ನು ಕಟ್ಟುವುದು ಒಳ್ಳೆಯದು.

ಉತ್ತರ: ಕುಮಟಾ, ಅಘನಾಶಿನಿ ದಡದಿಂದ

ಘಟ್ಟದ ಮೇಲಿನವರ ಚರ್ಚೆಯಲ್ಲಿ ಕರಾವಳಿಯವನಾಗಿ ಒಂದು ಮಾತು ಸೇರಿಸುತ್ತೇನೆ. ನದಿ ಸಮುದ್ರ ಸೇರುವಲ್ಲಿ ಉಪ್ಪುನೀರು ನುಗ್ಗುವ ನಮ್ಮ ಗಜನಿ ಭೂಮಿಯಲ್ಲಿ ಕಗ್ಗ ಎಂಬ ಭತ್ತವಿದೆ. ಉಪ್ಪುನೀರನ್ನೂ ನೆರೆಯನ್ನೂ ತಡೆದುಕೊಳ್ಳುವ ಈ ತಳಿಗೆ ಗೊಬ್ಬರವಿಲ್ಲ, ಔಷಧಿಯಿಲ್ಲ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಗದ್ದೆಯ ಮೇಲೆ ಉಪ್ಪು ಬೆಳ್ಳಗೆ ಕೂತಿರುತ್ತದೆ. ಮುಂಗಾರಿನ ಮೊದಲ ಮಳೆಗಳು ಅದನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜವನ್ನು ಎರಚುತ್ತೇವೆ. ಕೊಯ್ಲಾದ ನಂತರ ಒಡ್ಡಿನ ಬಾಗಿಲು ತೆಗೆದು ಭರತದ ನೀರನ್ನು ಒಳಗೆ ಬಿಟ್ಟರೆ, ಕೊಳೆತ ಕೂಳೆಯನ್ನು ಆಶ್ರಯಿಸಿ ಮೀನು, ಸಿಗಡಿ ಬೆಳೆಯುತ್ತವೆ. ಒಂದೇ ನೆಲದಲ್ಲಿ ಮಳೆಗಾಲಕ್ಕೆ ಅನ್ನ, ಬೇಸಿಗೆಗೆ ಮೀನು.

ಸಿಗಡಿಗೆ ದರ ಬಂದಾಗ ಬಹಳಷ್ಟು ಗಜನಿಗಳು ವರ್ಷವಿಡೀ ಸಿಗಡಿ ಕೆರೆಗಳಾದವು. ಒಡ್ಡುಗಳ ದುರಸ್ತಿ ನಿಂತುಹೋದಲ್ಲಿ ಭತ್ತವೂ ನಿಂತಿತು. 2019 ಮತ್ತು 2021ರ ನೆರೆಯ ನಂತರ, ಕಗ್ಗವನ್ನು ಬಿಡದೆ ಹಿಡಿದಿದ್ದ ಮಾಣಿಕಟ್ಟಾ ಕಡೆಯ ರೈತರ ಬೀಜವನ್ನು ಜನ ಮತ್ತೆ ಗೌರವದಿಂದ ನೋಡುತ್ತಿದ್ದಾರೆ. ಸಮುದ್ರದ ಮಟ್ಟ ಏರುತ್ತಿರುವ ಕಾಲದಲ್ಲಿ ಇಂತಹ ತಳಿ ಒಮ್ಮೆ ಕೈತಪ್ಪಿದರೆ ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಸಿಹಿನೀರಿನ ನಿಮ್ಮ ಗದ್ದೆಗೆ ಕಗ್ಗ ಬೇಕಾಗಿಲ್ಲ. ನಿಮಗೆ ಬೇಕಾದದ್ದು ಮುಳುಗಡೆಯನ್ನು ತಾಳುವ ಭತ್ತ. ವರದಾ ಬಯಲಿನ ನೆರೆಗುಳಿ, ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಕೆಂಪಕ್ಕಿಯ ಸಹ್ಯಾದ್ರಿ ಪಂಚಮುಖಿ, ಇವೆರಡನ್ನೂ ಪಕ್ಕಪಕ್ಕದ ಮಡಿಗಳಲ್ಲಿ ಹಾಕಿ ನೋಡಿ.

ಉತ್ತರ: ತೋಟಗಾರಿಕೆ ಓದಿದವನು

ಉಪಬೆಳೆಯ ಬಗ್ಗೆ ಕೇಳಿದ್ದೀರಿ. ನಮ್ಮ ಕಡೆ ಮೊದಲು ನೆನಪಾಗುವುದು ಕಾಳುಮೆಣಸು, ಆದರೆ ಮಳೆಯ ಏರುಪೇರು ಮೊದಲು ತಟ್ಟುವುದೂ ಅದಕ್ಕೇ. ಬಳ್ಳಿ ಬೇಸಿಗೆಯಲ್ಲಿ ಸ್ವಲ್ಪ ಒಣಗಿ, ಆಮೇಲೆ ಒಳ್ಳೆಯ ಮಳೆ ಬಿದ್ದಾಗ ಚಿಗುರಿನ ಜೊತೆಗೆ ಕರೆ (ಕಾಳು ಕಟ್ಟುವ ತೆನೆ) ಬಿಡುತ್ತದೆ. ಕರೆ ಬಿಟ್ಟ ಮೇಲೆ ಹನಿಮಳೆ ಬಿಡದೆ ಇದ್ದರೆ ಕಾಳು ಕಟ್ಟುತ್ತದೆ, ನಡುವೆ ವಾರಗಟ್ಟಲೆ ಬಿಸಿಲು ಬಿದ್ದರೆ ಕರೆ ಉದುರುತ್ತದೆ. ಸೊರಗು ರೋಗಕ್ಕೆ ಹೆದರಿ ಬ್ರೆಜಿಲಿಯನ್ ಹಿಪ್ಪಲಿಯ ಮೇಲೆ ಕಸಿ ಮಾಡಿದ ಗಿಡಗಳನ್ನು ಅನೇಕರು ಕೊಳ್ಳುತ್ತಿದ್ದಾರೆ. ಹಿಪ್ಪಲಿ ಜೌಗಿನ ಗಿಡವಾದ್ದರಿಂದ ತೇವದ ಜಾಗದಲ್ಲಿ ಅದು ನಿಜಕ್ಕೂ ಬಾಳುತ್ತದೆ, ಬೇಸಿಗೆಯಲ್ಲಿ ನೀರಿಲ್ಲದ ಇಳಿಜಾರಿನಲ್ಲಿ ನೆಟ್ಟರೆ ಬುಡವೇ ಒಣಗುತ್ತದೆ. ಇಳಿಜಾರಿಗೆ ಊರಿನ ತಳಿಗಳೇ ವಾಸಿ. ಪಣಿಯೂರು-1 ಎಂಬ ಮೆಣಸಿನ ತಳಿ ದಟ್ಟ ನೆರಳಿನಲ್ಲಿ ಚೆನ್ನಾಗಿ ಬಿಡುವುದಿಲ್ಲ ಎಂಬುದನ್ನೂ ಮರೆಯಬೇಡಿ.

ಜಾಯಿಕಾಯಿಯನ್ನು ಹಳೆಯ ತೋಟದ ನೀರಿರುವ ಭಾಗದಲ್ಲಿ ಹಾಕಬಹುದು. ಕಾಫಿಗೂ ಹೂ ಅರಳಿಸುವ ಹೂಮಳೆ ಸಮಯಕ್ಕೆ ಬೀಳಬೇಕು, ಆದ್ದರಿಂದ ಅದರಿಂದ ಅಪಾಯ ಹಂಚಿಹೋಗುತ್ತದೆ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಬೆಟ್ಟದಲ್ಲಿ ಈಗಾಗಲೇ ಇರುವ ಮುರುಗಲು, ಉಪ್ಪಾಗೆ ಎಂಬ ಹುಳಿಹಣ್ಣಿನ ಮರಗಳನ್ನು ಮಾತ್ರ ಕಡಿಯಬೇಡಿ.

ಅಡಿಕೆ ಮತ್ತು ಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆ. ಇದರಲ್ಲಿ ತೋಟಕ್ಕೆ ಬಂದು ನಷ್ಟ ನೋಡುವುದಿಲ್ಲ. ಹವಾಮಾನದ, ಮುಖ್ಯವಾಗಿ ಮಳೆಮಾಪಕದ, ಅಂಕಿ ಅಂಶಗಳ ಮೇಲೆ ಪರಿಹಾರ ನಿರ್ಧಾರವಾಗುತ್ತದೆ. ಹಾಗಾಗಿ ನಿಮ್ಮ ಪಂಚಾಯಿತಿಯ ಮಾಪಕ ಕೆಲಸ ಮಾಡುತ್ತಿದೆಯೇ ಎಂಬುದನ್ನು ಮಳೆಗಾಲಕ್ಕೆ ಮುಂಚೆಯೇ ವಿಚಾರಿಸಿಕೊಳ್ಳಿ, ಮನೆಯಲ್ಲೂ ಒಂದು ಮಾಪಕವಿಟ್ಟು ದಿನವೂ ಬರೆದಿಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಹಳ್ಳಕ್ಕೆ ತಾಗಿದ ಕೆಳಗಿನ ಎಕರೆಯನ್ನು ಭತ್ತಕ್ಕೇ ಬಿಡುವುದೆಂದು ಮನೆಯಲ್ಲಿ ಒಪ್ಪಿಗೆಯಾಗಿದೆ. ಮೇಲಿನ ಎಕರೆ ಇನ್ನೂ ತೀರ್ಮಾನವಾಗಿಲ್ಲ. ಅಲ್ಲಿ ಬೇಸಿಗೆಯಲ್ಲಿ ಉದ್ದು ಹಾಕಿದರೆ ತೇವ ಸಾಕಾಗಬಹುದೇ?

ಉತ್ತರ: ಸಿದ್ದಾಪುರದಿಂದ

ಭತ್ತ ಕೊಯ್ದ ಕೂಡಲೇ, ಮಣ್ಣಿನ ಹಸಿ ಆರುವ ಮೊದಲೇ ಬಿತ್ತಿದರೆ ಸಾಕಾಗುತ್ತದೆ. ಅದಕ್ಕಾಗಿ ಮೇಲಿನ ಎಕರೆಗೆ ಬೇಗ ಕೊಯ್ಲಿಗೆ ಬರುವ ತಳಿಯನ್ನೇ ಆರಿಸಿಕೊಳ್ಳಿ. ಹಿತ್ತಿಲ ಬಾವಿಯ ನೀರಿನ ಮಟ್ಟವನ್ನು ಈ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಅಳೆದು ಇಲ್ಲಿ ಹಾಕಿದರೆ, ಮೇಲಿನ ಎಕರೆಯ ವಿಚಾರವನ್ನು ಮುಂದುವರಿಸೋಣ.