ಹೆಸರಲ್ಲಿ ಸಿಂಗಲ್ ಕೋಟ್ ಬಂದ್ರೆ ಕ್ವೆರಿ ಒಡೆಯುತ್ತೆ, ಆಡ್‌ಸ್ಲ್ಯಾಶಸ್ ಹಾಕಿದ್ರೆ ಸಾಕಾ?

ಪ್ರಶ್ನೆ:
ಪಿಎಚ್‌ಪಿ, ಮೈಎಸ್‌ಕ್ಯೂಎಲ್‌ದು ಒಂದು ಹಳೇ ಪ್ರಾಜೆಕ್ಟ್ ಕೈಗೆ ಬಂದಿದೆ. ಸರ್ಚಲ್ಲಿ ಓ'ಬ್ರಯನ್ ಅಂತ ಹೊಡೆದ್ರೆ ಸಿಂಟ್ಯಾಕ್ಸ್ ಎರರ್. ಯೂಸರ್ ಟೈಪ್ ಮಾಡಿದ್ದನ್ನ ಹಾಗೇ ಕ್ವೆರಿಗೆ ಅಂಟಿಸಿದಾರೆ. ಎಲ್ಲಾ ಕಡೆ ಆಡ್‌ಸ್ಲ್ಯಾಶಸ್ (ಕೋಟ್‌ಗೆ ಮೊದಲು ಬ್ಯಾಕ್‌ಸ್ಲ್ಯಾಶ್ ಸೇರಿಸಿ ಎಸ್ಕೇಪ್ ಮಾಡೋ ಪಿಎಚ್‌ಪಿ ಫಂಕ್ಷನ್) ಹಾಕ್ಬಿಟ್ರೆ ಮುಗೀತಾ? ಫೈಲ್‌ಗಳು ಸಿಕ್ಕಾಪಟ್ಟೆ ಇವೆ, ಅದಕ್ಕೇ ಕೇಳ್ತಿರೋದು.

ಉತ್ತರ 1:
ಬೇಡ ಗುರು. ಕನೆಕ್ಷನ್ ಯಾವ ಕ್ಯಾರೆಕ್ಟರ್ ಸೆಟ್‌ನಲ್ಲಿದೆ ಅನ್ನೋದೇ ಅದಕ್ಕೆ ಗೊತ್ತಿರಲ್ಲ. ಜಿಬಿಕೆ (ಚೀನೀ ಅಕ್ಷರಗಳ ಎನ್‌ಕೋಡಿಂಗ್) ಇದೆ ಅಂದ್ಕೊಳ್ಳಿ, ಯಾರೋ ಹೆಕ್ಸ್‌ನಲ್ಲಿ ಬಿಎಫ್, 27 ಅಂತ ಎರಡು ಬೈಟ್ ಕಳಿಸ್ತಾನೆ, 27 ಅಂದ್ರೆ ಸಿಂಗಲ್ ಕೋಟ್, ಆಡ್‌ಸ್ಲ್ಯಾಶಸ್ ಅದಕ್ಕೆ ಮೊದಲು ಬ್ಯಾಕ್‌ಸ್ಲ್ಯಾಶ್, ಅಂದ್ರೆ 5ಸಿ ತುರುಕುತ್ತೆ, ಆಗ ಬಿಎಫ್ 5ಸಿ ಎರಡೂ ಸೇರಿ ಒಂದೇ ಚೀನೀ ಅಕ್ಷರ ಆಗ್ಹೋಗುತ್ತೆ, ಕೋಟ್ ಆರಾಮಾಗಿ ಹೊರಗೆ ಬರುತ್ತೆ, ಅದರ ಮುಂದೆ ಅವನು ಬರೆದಿದ್ದೆಲ್ಲಾ ಕ್ವೆರಿಯ ಭಾಗವೇ ಆಗುತ್ತೆ. ಯುಟಿಎಫ್-8ನಲ್ಲಿ ಈ ಆಟ ನಡೆಯಲ್ಲ, ಆದ್ರೂ ನಂಬ್ಕೊಂಡು ಕೂರೋದಲ್ಲ. ಹಳೇ ಮೈಎಸ್‌ಕ್ಯೂಎಲ್ ರಿಯಲ್ ಎಸ್ಕೇಪ್ ಸ್ಟ್ರಿಂಗ್ ಫಂಕ್ಷನ್ನಂತೂ ಪಿಎಚ್‌ಪಿ 7ರಲ್ಲೇ ತೆಗೆದು ಹಾಕಿದಾರೆ.

ಪಿಡಿಓ (ಡೇಟಾಬೇಸ್ ಜೊತೆ ಮಾತಾಡೋಕೆ ಪಿಎಚ್‌ಪಿಲಿರೋ ಎಕ್ಸ್‌ಟೆನ್ಷನ್) ತಗೊಂಡು ಪ್ರಿಪೇರ್ಡ್ ಸ್ಟೇಟ್‌ಮೆಂಟ್, ಅಂದ್ರೆ ಕ್ವೆರಿ ಬೇರೆ ವ್ಯಾಲ್ಯೂ ಬೇರೆ ಕೊಡೋ ಥರ ಬರೀರಿ. ಕ್ವೆರೀಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟು ವ್ಯಾಲ್ಯೂನ ಎಕ್ಸಿಕ್ಯೂಟ್‌ಗೆ ಕೊಡೋದು (ಇದಕ್ಕೇ ಬೈಂಡ್ ಅನ್ನೋದು), ಅಷ್ಟೇ. ಮೈಎಸ್‌ಕ್ಯೂಎಲ್‌ಗೆ ಪಿಡಿಓ ಡೀಫಾಲ್ಟಾಗಿ ಪ್ರಿಪೇರ್‌ನ ಎಮ್ಯುಲೇಟ್ ಮಾಡುತ್ತೆ, ಅಂದ್ರೆ ಒಳಗೊಳಗೇ ತಾನೇ ಎಸ್ಕೇಪ್ ಮಾಡಿ ಅಂಟಿಸುತ್ತೆ, ಅದನ್ನ ಆಫ್ ಮಾಡಿ, ಡಿಎಸ್‌ಎನ್‌ನಲ್ಲಿ (ಕನೆಕ್ಷನ್ ವಿವರ ಇರೋ ಸ್ಟ್ರಿಂಗ್) ಚಾರ್‌ಸೆಟ್ ಯುಟಿಎಫ್8ಎಂಬಿ4 (ಮೈಎಸ್‌ಕ್ಯೂಎಲ್‌ನ ಪೂರ್ತಿ ಯುಟಿಎಫ್-8) ಅಂತ ಬರೀರಿ.

ಉತ್ತರ 2:
ಇನ್ನೊಂದು ವಿಷ್ಯ. ಎಸ್ಕೇಪ್ ಮಾಡಿದ ಸ್ಟ್ರಿಂಗ್‌ಗೆ ಸುತ್ತ ಕೋಟ್ ಇಲ್ದಿದ್ರೆ ಏನೂ ಉಪಯೋಗ ಇಲ್ಲ. ಐಡಿ ಜಾಗದಲ್ಲಿ "1 ಆರ್ 1=1" ಅಂತ ಬಂದ್ರೆ ಎಸ್ಕೇಪ್ ಮಾಡೋಕೆ ಅದ್ರಲ್ಲಿ ಏನಿದೆ? ಟೇಬಲ್ಲೇ ಪೂರ್ತಿ ಆಚೆ ಬರುತ್ತೆ.

ಪ್ರಶ್ನೆ ಕೇಳಿದವರು:
ಸರಿ ಸರ್, ಪಿಡಿಓನೇ ಮಾಡ್ತೀನಿ. ಆದ್ರೆ ಆರ್ಡರ್ ಬೈಗೆ ಕಾಲಂ ಹೆಸರನ್ನೂ ಅದೇ ಥರ ಪ್ರಶ್ನಾರ್ಥಕ ಚಿಹ್ನೆ ಇಟ್ಟು ಕೊಟ್ರೆ ಸಾರ್ಟೇ ಆಗ್ತಿಲ್ವಲ್ಲ?

ಉತ್ತರ 1:
ಆಗಲ್ಲ, ಬೈಂಡ್ ಮಾಡೋಕಾಗೋದು ವ್ಯಾಲ್ಯೂ ಮಾತ್ರ. ಕಾಲಂ ಹೆಸರು ಕೊಟ್ರೆ ಅದು ಬರೀ ಸ್ಟ್ರಿಂಗ್ ಆಗಿ ಉಳ್ಕೊಳುತ್ತೆ. ಯಾವ್ಯಾವ ಕಾಲಂ ಪರವಾಗಿಲ್ಲ ಅಂತ ಕೋಡಲ್ಲೇ ಒಂದು ಅರೇ ಇಡಿ, ಬಂದಿದ್ದು ಅದ್ರಲ್ಲಿ ಇಲ್ದಿದ್ರೆ ಡೀಫಾಲ್ಟ್ ಹಾಕಿ. ಏಎಸ್‌ಸಿ, ಡಿಇಎಸ್‌ಸಿಗೂ ಅದೇ.

ಉತ್ತರ 3:
ಸರ್ಚ್ ಅಂದ್ರಲ್ಲ, ಲೈಕ್ ಇರುತ್ತೆ. ಬೈಂಡ್ ಮಾಡಿದ್ರೂ ಪರ್ಸೆಂಟ್, ಅಂಡರ್‌ಸ್ಕೋರ್ ವೈಲ್ಡ್‌ಕಾರ್ಡಾಗೇ ಕೆಲಸ ಮಾಡುತ್ವೆ, ಯೂಸರ್ ಬರೀ ಪರ್ಸೆಂಟ್ ಹೊಡೆದ್ರೆ ಎಲ್ಲಾ ಸಾಲೂ ಬರುತ್ತೆ. ಬೈಂಡ್ ಮಾಡೋಕೆ ಮುಂಚೆ ಅವುಗಳಿಗೆ ಮೊದಲು ಒಂದೊಂದು ಬ್ಯಾಕ್‌ಸ್ಲ್ಯಾಶ್ ಸೇರಿಸಿ, ಸ್ಟ್ರಿಂಗಲ್ಲಿ ಮೊದಲೇ ಇರೋ ಬ್ಯಾಕ್‌ಸ್ಲ್ಯಾಶ್‌ಗೂ. ಆಮೇಲೆ ಡೇಟಾಬೇಸಿಂದ ಓದಿದ ಹೆಸರನ್ನ ಇನ್ನೊಂದು ಕ್ವೆರಿಗೆ ಹಾಕೋ ಜಾಗಾನೂ ಹುಡುಕಿ, ಅಲ್ಲಿಗೆ ಬರೋದೂ ಯೂಸರ್ ಟೈಪ್ ಮಾಡಿದ್ದೇ ತಾನೇ.