ಕೌಂಟರ್ ಪಿಸಿಗೆ ಸರ್ವರ್ ಸಿಗ್ತಿಲ್ಲ, ಎರರ್ 26

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಬಟ್ಟೆ ಅಂಗಡಿ. ಒಳಗಿನ ರೂಮಿನ ಪಿಸಿಯಲ್ಲಿ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ (ಬಿಲ್ಲಿನ ಡೇಟಾಬೇಸ್ ಇಡುವ ಸಾಫ್ಟ್‌ವೇರ್) ಇದೆ, ಎರಡು ಕೌಂಟರ್ ಪಿಸಿಗಳಿಂದ ಬಿಲ್ ಹಾಕುತ್ತೇವೆ. ಮೊನ್ನೆ ರೂಟರ್ ಬದಲಾಯಿಸಿದೆವು. ಅಂದಿನಿಂದ ಎರಡೂ ಕೌಂಟರ್‌ನಲ್ಲಿ ‘ಎರರ್ 26, ಎರರ್ ಲೊಕೇಟಿಂಗ್ ಸರ್ವರ್’ ಅಂತ ಬರುತ್ತಿದೆ. ಒಳಗಿನ ಪಿಸಿಯಲ್ಲಿ ಮಾತ್ರ ಬಿಲ್ ಆಗುತ್ತದೆ. ಸಾಫ್ಟ್‌ವೇರ್‌ನವರು ಎಲ್ಲ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡೋಣ ಅಂತಾರೆ. ಮಾಡಿಸಲಾ?

ಉತ್ತರ: ಬೇಡವೇ ಬೇಡ. ಒಳಗಿನ ಪಿಸಿಯಲ್ಲಿ ಬಿಲ್ ಆಗ್ತಿದೆ ಅಂದ್ರೆ ಡೇಟಾಬೇಸ್ ಚೆನ್ನಾಗಿಯೇ ಇದೆ, ತೊಂದರೆ ದಾರಿಯಲ್ಲಿದೆ.

ಪಾಸ್‌ವರ್ಡ್ ತಪ್ಪಿದ್ದರೆ ಎರರ್ 18456 ಬರುತ್ತಿತ್ತು. 26 ಅಂದರೆ ನಿಮ್ಮ ಕೌಂಟರ್ ಇನ್ನೂ ಬಾಗಿಲು ಹುಡುಕುತ್ತಿದೆ. ಎಕ್ಸ್‌ಪ್ರೆಸ್‌ಗೆ ಸಾಮಾನ್ಯವಾಗಿ ಕಾಯಂ ಪೋರ್ಟ್ (ಒಳಗೆ ಹೋಗುವ ಬಾಗಿಲಿನ ನಂಬರ್) ಇರಲ್ಲ. ಅದಕ್ಕೇ ಕೌಂಟರ್ ಪಿಸಿ ಮೊದಲು ಯುಡಿಪಿ 1434 ಅನ್ನೋ ಗೊತ್ತಾದ ಪೋರ್ಟ್‌ನಲ್ಲಿ ‘ಯಾವ ಪೋರ್ಟ್?’ ಅಂತ ಕೇಳುತ್ತದೆ. ಉತ್ತರ ಕೊಡುವುದು ಎಸ್‌ಕ್ಯೂಎಲ್ ಸರ್ವರ್ ಬ್ರೌಸರ್ ಅನ್ನೋ ಸರ್ವಿಸ್. (ಕ್ರೋಮ್‌ಗೂ ಇದಕ್ಕೂ ಸಂಬಂಧವಿಲ್ಲ, ಹೆಸರಷ್ಟೇ.) ಆ ಉತ್ತರ ಬಂದಿಲ್ಲ.

ಸರ್ವರ್ ಪಿಸಿಯಲ್ಲಿ, ಅಂದರೆ ಒಳಗಿನ ಪಿಸಿಯಲ್ಲಿ, ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ ಹೊಡೆದು ಐಪಿ (ನೆಟ್‌ವರ್ಕ್‌ನಲ್ಲಿ ಆ ಪಿಸಿಯ ವಿಳಾಸ) ಹೇಳಿ. ಆಮೇಲೆ ನೆಟ್‌ವರ್ಕ್ ಸೆಟ್ಟಿಂಗ್ಸ್ ನೋಡಿ. ಹೊಸ ರೂಟರ್ ಕಂಡರೆ ವಿಂಡೋಸ್ ಅದನ್ನು ಪಬ್ಲಿಕ್ ಅಂದುಕೊಳ್ಳುವುದುಂಟು. ಪ್ರೈವೇಟ್‌ಗೆ ಅಂತ ಬರೆದ ಫೈರ್‌ವಾಲ್ (ಹೊರಗಿನಿಂದ ಯಾರನ್ನು ಒಳಗೆ ಬಿಡಬೇಕು ಅಂತ ನೋಡುವ ಕಾವಲು) ರೂಲ್ ಆಗ ಲೆಕ್ಕಕ್ಕೇ ಬರಲ್ಲ.

ಇನ್ನೊಬ್ಬ ಸದಸ್ಯರು: ಸುಮ್ನೆ ಫೈರ್‌ವಾಲ್ ಆಫ್ ಮಾಡಿ ಅಣ್ಣ. ನಮ್ಮಲ್ಲಿ ಎರಡು ವರ್ಷದಿಂದ ಆಫೇ ಇದೆ.

ಉತ್ತರ: ಕಾರಣ ಅದೇನಾ ಅಂತ ನೋಡೋಕೆ ಎರಡು ನಿಮಿಷ ಆಫ್ ಮಾಡಿದರೆ ಸರಿ. ಎರಡು ವರ್ಷ ಅಂದ್ರೆ ಅಂಗಡಿ ಬಾಗಿಲು ತೆಗೆದಿಟ್ಟು ಮನೆಗೆ ಹೋದ ಹಾಗಾಯ್ತು. ಇವತ್ತೇ ಆನ್ ಮಾಡಿ.

ಪ್ರಶ್ನೆ ಕೇಳಿದವರು: ಪಬ್ಲಿಕ್ ಅಂತಲೇ ಇತ್ತು ಸರ್, ಪ್ರೈವೇಟ್ ಮಾಡಿದೆ. ಐಪಿ 192.168.0.105. ಆದ್ರೂ 26.

ಉತ್ತರ: ಕೌಂಟರ್‌ನ ಬಿಲ್ಲಿಂಗ್ ಸೆಟ್ಟಿಂಗ್ಸ್‌ನಲ್ಲಿ ಯಾವ ಐಪಿ ಇದೆ?

ಪ್ರಶ್ನೆ ಕೇಳಿದವರು: 192.168.1.10!

ಉತ್ತರ: ಸಿಕ್ತು. ಅದು ಹಳೇ ರೂಟರ್ ಕೊಟ್ಟ ನಂಬರ್. ಹೊಸದನ್ನು ಹಾಕಿ, ರೂಟರ್‌ನಲ್ಲೇ ಆ ಐಪಿಯನ್ನು ಸರ್ವರ್ ಪಿಸಿಗೆ ರಿಸರ್ವ್ ಮಾಡಿಸಿ. ಇಲ್ಲದಿದ್ದರೆ ಮುಂದೊಂದು ದಿನ ಮತ್ತೆ ಬದಲಾಗುತ್ತೆ.

ಬಿಲ್ಲಿಂಗ್ ಸಾಫ್ಟ್‌ವೇರ್ ಮುಟ್ಟದೆ ಪರೀಕ್ಷೆ ಮಾಡೋಕೂ ದಾರಿಯಿದೆ. ಕೌಂಟರ್ ಪಿಸಿಯ ಡೆಸ್ಕ್‌ಟಾಪ್‌ನಲ್ಲಿ ಖಾಲಿ ನೋಟ್‌ಪ್ಯಾಡ್ ಫೈಲ್ ಮಾಡಿ, ಹೆಸರಿನ ಕೊನೆಯ ‘ಟಿಎಕ್ಸ್‌ಟಿ’ ತೆಗೆದು ‘ಯುಡಿಎಲ್’ ಅಂತ ಮಾಡಿ. ಡಬಲ್ ಕ್ಲಿಕ್ ಮಾಡಿದರೆ ಒಂದು ಕಿಟಕಿ ತೆರೆಯುತ್ತದೆ, ಅದರಲ್ಲಿ ಟೆಸ್ಟ್ ಕನೆಕ್ಷನ್ ಬಟನ್ ಇದೆ. ಮುಂದೆ ಕಾಯಂ ಪೋರ್ಟ್ ಮಾಡಿಸಿಕೊಂಡರೆ ಐಪಿ ಆದ ಮೇಲೆ ಕಾಮಾ ಹಾಕಿ 1433 ಬರೆಯಬೇಕು, ಕೋಲನ್ ಅಲ್ಲ. ನಾನೇ ಒಮ್ಮೆ ಕೋಲನ್ ಹಾಕಿ ಅರ್ಧ ದಿನ ಕಳೆದಿದ್ದೇನೆ.

ಪ್ರಶ್ನೆ ಕೇಳಿದವರು: ಮೊದಲ ಕೌಂಟರ್ ಓಡ್ತಿದೆ ಸರ್! ಎರಡನೇದು ಇನ್ನೂ ಇಲ್ಲ.

ಉತ್ತರ: ಅದು ಯಾವ ವೈಫೈನಲ್ಲಿದೆ ನೋಡಿ.

ಪ್ರಶ್ನೆ ಕೇಳಿದವರು: ಗೆಸ್ಟ್ ವೈಫೈನಲ್ಲಿತ್ತು, ಅದು ಬಂದವರಿಗೆ ಅಂತ ಇರುವ ಬೇರೆ ನೆಟ್‌ವರ್ಕ್. ಹೊಸ ಪಾಸ್‌ವರ್ಡ್ ಗೊತ್ತಿಲ್ಲ ಅಂತ ನಮ್ಮ ಹುಡುಗ ಅದಕ್ಕೇ ಹಾಕಿಬಿಟ್ಟಿದ್ದ. ಈಗ ಎರಡೂ ಸರಿ. ಸಾಫ್ಟ್‌ವೇರ್‌ನವರಿಗೆ ಬರಬೇಡಿ ಅಂತ ಫೋನ್ ಮಾಡಿದೆ.